ದಿನಕ್ಕೆ 50 ಕಿಲೋಮೀಟರ್ ಸಾಕು

ಹೋದ ತಿಂಗಳು ಇದೇ ಪುಟದಲ್ಲಿ ನಮ್ಮ ವ್ಯಾನ್ ಪ್ರವಾಸದ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಅದನ್ನು ಓದದವರಿಗಾಗಿ ಚಿಕ್ಕದಾಗಿ ಹೇಳಿಬಿಡುತ್ತೇನೆ. ನಾನು ತುಮಕೂರಿನಲ್ಲಿ ಹೈಸ್ಕೂಲ್ ಟೀಚರಾಗಿದ್ದೆ, ನಮ್ಮ ಮನೆಯವರು ಬ್ಯಾಂಕಿನಲ್ಲಿದ್ದರು. ಇಬ್ಬರೂ ರಿಟೈರ್ ಆದ ಮೇಲೆ ಹೋದ ಸೆಪ್ಟೆಂಬರಿನಲ್ಲಿ ಮ್ಯೂನಿಕ್ ಹತ್ತಿರ ಒಂದು ಕ್ಯಾಂಪರ್ ವ್ಯಾನ್ ಬಾಡಿಗೆಗೆ ಹಿಡಿದು ಜರ್ಮನಿ, ಜೆಕ್, ಆಸ್ಟ್ರಿಯಾ, ಸ್ಲೊವೇನಿಯಾ ಸುತ್ತಿ ಬಂದೆವು. 38 ದಿನ, ಸುಮಾರು 1,900 ಕಿ.ಮೀ. ಮಲಗೋದು, ಅಡುಗೆ, ಸ್ನಾನ ಎಲ್ಲ ಆ ವ್ಯಾನಿನೊಳಗೇ. ಬಂದ ಪ್ರಶ್ನೆಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ.

ತುಮಕೂರಿನಿಂದ ಒಬ್ಬ ಓದುಗರು: ಮೇಡಂ, ನಾವೂ ಗಂಡ ಹೆಂಡತಿ ಹೊರಟಿದ್ದೇವೆ. 15 ದಿನದಲ್ಲಿ 9 ದೇಶ ಪ್ಲಾನ್ ಮಾಡಿದ್ದೇವೆ. ಇಷ್ಟು ದುಡ್ಡು ಹಾಕಿ ಹೋಗುವಾಗ ಎಷ್ಟು ಆಗುತ್ತೋ ಅಷ್ಟೂ ನೋಡಿ ಬರೋಣ ಅಂತ. ಸರಿ ಇದೆಯಾ?

ಬೇಡ ಸಾರ್, ದಯವಿಟ್ಟು ಬೇಡ. ನಮ್ಮ ಮೊದಲ ಪಟ್ಟಿಯಲ್ಲೂ 8 ದೇಶ ಇತ್ತು. ಆಮೇಲೆ ಒಂದು ದಿನ ಮ್ಯಾಪ್ ಹರಡಿಕೊಂಡು ಕೂತು, ದಿನಕ್ಕೆ ಎಷ್ಟು ಗಂಟೆ ಸ್ಟೀರಿಂಗ್ ಹಿಡಿಯಬೇಕು ಅಂತ ಲೆಕ್ಕ ಹಾಕಿದಾಗ, ಬೆಳಗ್ಗೆ ಎದ್ದರೆ ರಸ್ತೆ, ರಾತ್ರಿ ಆದರೆ ಪಾರ್ಕಿಂಗ್, ಇಷ್ಟೇ ಆಗುತ್ತೆ ಅಂತ ಗೊತ್ತಾಯಿತು. ಹಾಗಾದರೆ ಬಸ್ಸಿನ ಪ್ಯಾಕೇಜ್ ಟೂರಿಗೇ ಹೋಗಬಹುದಲ್ವಾ? ನಾಲ್ಕು ದೇಶ ತೆಗೆದುಹಾಕಿದೆವು. ಸರಾಸರಿ ನೋಡಿದರೆ ನಾವು ಓಡಿಸಿದ್ದು ದಿನಕ್ಕೆ 50 ಕಿ.ಮೀ. ತುಮಕೂರಿನಿಂದ ಬೆಂಗಳೂರಿಗೆ ಹೋಗುವಷ್ಟೂ ಇಲ್ಲ.

ನಿಧಾನಕ್ಕೆ ಹೋದರೆ ಏನು ಸಿಗುತ್ತೆ ಅನ್ನೋದಕ್ಕೆ ಪಾಸಾವ್ ಊರಿನ ಕತೆ ಹೇಳುತ್ತೇನೆ. ಜರ್ಮನಿ ಆಸ್ಟ್ರಿಯಾ ಗಡಿಯ ಊರು ಅದು. ಡ್ಯಾನ್ಯೂಬ್, ಇನ್, ಇಲ್ಸ್ ಮೂರೂ ನದಿ ಅಲ್ಲಿ ಕೂಡುತ್ತವೆ. ಒಂದೇ ರಾತ್ರಿ ಇರೋಣ ಅಂತ ಹೋದವರು ಮೂರು ದಿನ ಉಳಿದೆವು. ಇಲ್ಸ್ ಕಾಡಿನ ಜೌಗಿನಿಂದ ಬರುವ ನದಿ, ಅದರ ನೀರು ಕಷಾಯದ ಬಣ್ಣ. ಇನ್ ಆಲ್ಪ್ಸ್ ಬೆಟ್ಟಗಳಿಂದ ಇಳಿದು ಬರುತ್ತೆ, ತಿಳಿಹಸಿರು. ಮೇಲಿನ ಕೋಟೆಯಿಂದ ನೋಡಿದರೆ ಬೇರೆ ಬೇರೆ ಬಣ್ಣದ ನೀರು ಸ್ವಲ್ಪ ದೂರ ಬೆರೆಯದೆ ಜೊತೆಜೊತೆಗೇ ಹರಿಯೋದು ಕಾಣುತ್ತೆ. ಎರಡನೇ ದಿನ ಸುಮ್ನೆ ಅಡ್ಡಾಡುವಾಗ ಟೌನ್ ಹಾಲಿನ ಗೋಡೆ ಮೇಲೆ ಹಳೇ ಪ್ರವಾಹಗಳ ಗೆರೆಗಳು ಕಣ್ಣಿಗೆ ಬಿದ್ದವು. 2013ರ ಗೆರೆ ನನ್ನ ತಲೆಗಿಂತ ಎಷ್ಟೋ ಮೇಲಿತ್ತು. 1501ರ ನಂತರ ಅಷ್ಟು ನೀರು ಬಂದಿದ್ದು ಅದೇ ಸಲ. ನಮ್ಮ ಮನೆಯವರು ಆ ಗೋಡೆ ಮುಂದೆ ಎಷ್ಟೋ ಹೊತ್ತು ನಿಂತಿದ್ದರು. ಮಳೆ ಬಂದರೆ ಕೆರೆ ತುಂಬಿತಾ ಅಂತ ಕೇಳುವ ಊರಿನವರು ನಾವು, ಅಷ್ಟು ನೀರನ್ನು ಊಹಿಸೋದೇ ಕಷ್ಟ. ಒಂದು ರಾತ್ರಿಯ ಲೆಕ್ಕದಲ್ಲಿ ಹೋಗಿದ್ದರೆ ಆ ಗೋಡೆ ಹತ್ತಿರ ಸುಳಿಯುತ್ತಲೇ ಇರಲಿಲ್ಲ.

ನಿಮ್ಮ 15 ದಿನಕ್ಕೆ ಎರಡು ದೇಶ ಸಾಕು. ಜರ್ಮನಿಯಲ್ಲಿ ಬವೇರಿಯಾ ರಾಜ್ಯ ಒಂದೇ, ಮತ್ತೆ ಆಸ್ಟ್ರಿಯಾ ಇಟ್ಟುಕೊಳ್ಳಿ. ವಾರಕ್ಕೆ ಎರಡು ದಿನ ವ್ಯಾನಿನ ಕೀಲಿ ಮುಟ್ಟಬೇಡಿ.

ಕೋಲಾರದಿಂದ: ನಮ್ಮ ಲೈಸೆನ್ಸ್ ಅಲ್ಲಿ ನಡೆಯುತ್ತಾ? ಎಡಗಡೆ ಸ್ಟೀರಿಂಗ್, ಬಲಗಡೆ ಓಡಿಸೋದು, 58ರ ವಯಸ್ಸಿನಲ್ಲಿ ಅಭ್ಯಾಸ ಆಗುತ್ತಾ?

ನಡೆಯುತ್ತೆ. ನಿಮ್ಮ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ. ಒಂದು ವರ್ಷ ಚಾಲ್ತಿ ಇರುತ್ತೆ. ಪಾಸ್‌ಪೋರ್ಟ್, ವೀಸಾ, ಲೈಸೆನ್ಸ್ ನಕಲು ಕೇಳುತ್ತಾರೆ. ಊರಿನ ಲೈಸೆನ್ಸ್ ಜೊತೆಗಿದ್ದರೆ ಮಾತ್ರ ಅದಕ್ಕೆ ಬೆಲೆ, ಎರಡನ್ನೂ ಒಟ್ಟಿಗೇ ಇಟ್ಟುಕೊಳ್ಳಿ. ಕಾರು ಓಡಿಸುವ ಲೈಸೆನ್ಸಿನಲ್ಲಿ 3,500 ಕೆ.ಜಿ. ತನಕದ ವ್ಯಾನ್ ಓಡಿಸಬಹುದು. ಈ ತೂಕದಲ್ಲಿ ನೀವು, ನಿಮ್ಮ ಸಾಮಾನು, ಟ್ಯಾಂಕಿನ ನೀರು ಎಲ್ಲವೂ ಸೇರಿದೆ ಅನ್ನೋದು ನೆನಪಿರಲಿ. ನೂರು ಲೀಟರ್ ನೀರು ಅಂದರೆ ನೂರು ಕೆ.ಜಿ.

ಬಲಗಡೆ ಓಡಿಸೋದಕ್ಕೆ ನಮ್ಮ ಮನೆಯವರು ಒಂದು ಸೂತ್ರ ಇಟ್ಟುಕೊಂಡಿದ್ದರು. ಅಲ್ಲಾಗಲಿ ಇಲ್ಲಾಗಲಿ ಡ್ರೈವರ್ ಕೂರುವುದು ರಸ್ತೆಯ ನಡುಗೆರೆಯ ಕಡೆಗೆ. ನಿಮ್ಮ ಭುಜ ನಡುಗೆರೆಯ ಕಡೆ ಇದ್ದರೆ ಸರಿಯಾದ ಪಕ್ಕದಲ್ಲೇ ಇದ್ದೀರಿ. ಹೈವೇಯಲ್ಲಿ ತಪ್ಪಾಗಲ್ಲ, ಮುಂದೆ ಹಿಂದೆ ಗಾಡಿ ಇರುತ್ತವೆ. ತಪ್ಪಾಗುವುದು ಬೆಳಗ್ಗೆ ಹೊತ್ತು, ಖಾಲಿ ಪೆಟ್ರೋಲ್ ಬಂಕಿನಿಂದ ಖಾಲಿ ರಸ್ತೆಗೆ ಇಳಿಯುವಾಗ. ಅಂಥ ಕಡೆ ಪ್ರತಿ ಸಲ ನಾನು ಪಕ್ಕದಿಂದ "ಬಲಕ್ಕೆ" ಅಂತ ಬಾಯಿಬಿಟ್ಟು ಹೇಳುತ್ತಿದ್ದೆ. 38ನೇ ದಿನವೂ ಹೇಳಿದೆ.

ಇನ್ನೊಂದು ನಿಯಮ ನಮಗೆ ಪೂರ್ತಿ ಹೊಸದು. ಬೋರ್ಡ್ ಇಲ್ಲದ ಸಣ್ಣ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲು ದಾರಿ. ನೀವು ಎಷ್ಟೇ ದೊಡ್ಡ ರಸ್ತೆಯಲ್ಲಿದ್ದೀರಿ ಅನ್ನಿಸಿದರೂ ನಿಲ್ಲಬೇಕು. ಜರ್ಮನಿ, ಆಸ್ಟ್ರಿಯಾದ ಹೈವೇಯಲ್ಲಿ ಟ್ರಾಫಿಕ್ ಜಾಮ್ ಆದರೆ ಎಡಗಡೆ ಲೇನಿನವರು ಪೂರ್ತಿ ಎಡಕ್ಕೆ, ಉಳಿದವರು ಬಲಕ್ಕೆ ಸರಿದು ನಡುವೆ ಆಂಬುಲೆನ್ಸಿಗೆ ದಾರಿ ಬಿಡಬೇಕು. ಸೈರನ್ ಕೇಳಿದ ಮೇಲೆ ಸರಿಯೋದಲ್ಲ, ಗಾಡಿಗಳು ನಿಧಾನ ಆದ ಕೂಡಲೇ. ಒಂದು ಸಲ ನಮ್ಮ ಮುಂದೆ ಅಷ್ಟುದ್ದ ಸಾಲು ಹಾಗೆ ಎರಡು ಸೀಳಾಗಿದ್ದು ನೋಡಿ ನನಗೆ ಕಣ್ಣು ತುಂಬಿತು. ನಮ್ಮೂರ ಹೈವೇಯಲ್ಲಿ ಆಂಬುಲೆನ್ಸ್ ಒದ್ದಾಡೋದನ್ನ ಎಷ್ಟು ಸಲ ನೋಡಿಲ್ಲ ಹೇಳಿ.

ಟೋಲ್ ಬಗ್ಗೆ: ಜರ್ಮನಿಯಲ್ಲಿ ಇಂಥ ವ್ಯಾನಿಗೆ ಹೈವೇ ಟೋಲ್ ಇಲ್ಲ. ಜೆಕ್, ಆಸ್ಟ್ರಿಯಾ, ಸ್ಲೊವೇನಿಯಾದಲ್ಲಿ ನಿಗದಿತ ಅವಧಿಗೆ ವಿನ್ಯೆಟ್ ಅನ್ನೋ ಹೈವೇ ಪಾಸ್ ಮೊದಲೇ ಕೊಳ್ಳಬೇಕು. ಸರ್ಕಾರಿ ವೆಬ್‌ಸೈಟಿನಲ್ಲೇ ಸಿಗುತ್ತೆ. ಗಾಡಿ ನಂಬರ್ ಹಾಕುವಾಗ ಒಂದು ಅಕ್ಷರವೂ ತಪ್ಪಬಾರದು. ಆಸ್ಟ್ರಿಯಾದ ಕೆಲವು ಸುರಂಗ, ಬೆಟ್ಟದ ರಸ್ತೆಗಳಿಗೆ ಬೇರೆಯೇ ದುಡ್ಡು. ಸ್ಲೊವೇನಿಯಾಕ್ಕೆ ಹೋಗುವ ಕರವಾಂಕೆನ್ ಸುರಂಗ ಸುಮಾರು 8 ಕಿ.ಮೀ. ಉದ್ದ, ಅದಕ್ಕೂ ಪ್ರತ್ಯೇಕ ಕಟ್ಟಬೇಕು.

ಗೌರಿಬಿದನೂರಿನಿಂದ ಒಬ್ಬ ಅಕ್ಕ: ಕೇಳೋಕೆ ಸಂಕೋಚ, ಆದರೂ ಕೇಳ್ತೀನಿ. ವ್ಯಾನಿನೊಳಗೆ ಟಾಯ್ಲೆಟ್ ಅಂತೀರಲ್ಲ, ಅದನ್ನ ತೊಳೆಯೋರು ಯಾರು?

ಸಂಕೋಚ ಯಾಕೆ ಅಕ್ಕ, ಹೊರಡುವ ಮುಂಚೆ ನನ್ನ ಮೊದಲ ಪ್ರಶ್ನೆಯೂ ಇದೇ ಆಗಿತ್ತು. ನಾವೇ ತೊಳೆಯಬೇಕು, ಬೇರೆ ಯಾರೂ ಬರಲ್ಲ.

ಕಮೋಡಿನ ಕೆಳಗೆ ಸೂಟ್‌ಕೇಸ್ ಥರದ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ಇರುತ್ತೆ. ಅದಕ್ಕೆ ಕ್ಯಾಸೆಟ್ ಅಂತಾರೆ. ಇಪ್ಪತ್ತು ಲೀಟರಿನ ಆಸುಪಾಸು ಹಿಡಿಯುತ್ತೆ. ಇಬ್ಬರಿಗೆ ಎರಡು ಮೂರು ದಿನಕ್ಕೆ ತುಂಬುತ್ತೆ, ತುಂಬುವುದಕ್ಕೆ ಬಂದರೆ ಕೆಂಪು ದೀಪ. ಒಳಗಿನ ಮುಚ್ಚಳ ಸರಿಸಿ ಬಂದ್ ಮಾಡಿ, ವ್ಯಾನಿನ ಹೊರಗಿರುವ ಚಿಕ್ಕ ಬಾಗಿಲು ತೆಗೆದು ಪೆಟ್ಟಿಗೆಯನ್ನು ಎಳೆಯಬೇಕು. ಚಕ್ರ, ಹಿಡಿ ಎರಡೂ ಇರುವುದರಿಂದ ಎಳೆದುಕೊಂಡೇ ಹೋಗಬಹುದು. ರಾತ್ರಿ ವ್ಯಾನ್ ನಿಲ್ಲಿಸುವ ಕ್ಯಾಂಪಿಂಗ್ ಜಾಗದಲ್ಲಿ ಅದನ್ನು ಸುರಿಯೋಕೆ ಅಂತಲೇ ಒಂದು ತೊಟ್ಟಿ, ಪಕ್ಕದಲ್ಲಿ ನಲ್ಲಿ ಇರುತ್ತೆ. ಗಾಳಿಯ ಗುಂಡಿ ಒತ್ತಿ ಹಿಡಿದು ಸುರಿದರೆ ಚಿಮ್ಮಲ್ಲ. ಎರಡು ಸಲ ನೀರು ಹಾಕಿ ಕುಲುಕಿ ಚೆಲ್ಲಿ, ಕೊನೆಗೆ ಸ್ವಲ್ಪ ನೀರು, ವಾಸನೆ ತಡೆಯುವ ದ್ರಾವಣ ಹಾಕಿ ವಾಪಸ್ ಸಿಕ್ಕಿಸಿದರೆ ಮುಗೀತು. ಹತ್ತು ನಿಮಿಷದ ಕೆಲಸ. ಕೈಗವಸು ಮಾತ್ರ ಮರೆಯಬೇಡಿ.

ಈ ಕೆಲಸವನ್ನು ನಮ್ಮ ಮನೆಯವರು ಒಂದು ದಿನ, ನಾನು ಒಂದು ದಿನ ಅಂತ ಹಂಚಿಕೊಂಡಿದ್ದೆವು. ನೀವೂ ಹಾಗೇ ಮಾಡಿ. ರಜೆಗೆ ಹೋದ ಮೇಲೂ ತೊಳೆಯೋದು ಒಬ್ಬರದೇ ಪಾಲಿಗೆ ಬಂದರೆ ಅದು ಅವರಿಗೆ ರಜೆ ಹೇಗಾಗುತ್ತೆ? ಹಗಲು ಹೊತ್ತು ಕ್ಯಾಂಪಿಂಗ್ ಜಾಗದ ಟಾಯ್ಲೆಟ್ಟೇ ಬಳಸಿ, ಚೊಕ್ಕಟವಾಗಿರುತ್ತೆ. ವ್ಯಾನಿನದು ರಾತ್ರಿಗೆ ಇರಲಿ. ಗಾಡಿ ವಾಪಸ್ ಕೊಡುವ ದಿನ ಕ್ಯಾಸೆಟ್ ಪೂರ್ತಿ ತೊಳೆದು ಫೋಟೋ ತೆಗೆದಿಟ್ಟುಕೊಳ್ಳಿ. ನಾವು ತೊಳೆದೇ ಕೊಟ್ಟಿದ್ದರೂ ಬಾಡಿಗೆಯವರು ತೊಳೆದಿಲ್ಲ ಅಂತ ಡಿಪಾಸಿಟ್ಟಿನಲ್ಲಿ 120 ಯೂರೋ ಹಿಡಿದುಕೊಂಡರು. ಫೋಟೋ ಇದ್ದಿದ್ದರೆ ತೋರಿಸಬಹುದಿತ್ತು. ಇವತ್ತಿಗೂ ಅದು ನೆನಪಾದರೆ ಹೊಟ್ಟೆ ಉರಿಯುತ್ತೆ.

ತಿಪಟೂರಿನಿಂದ: ನಮಗೆ ಮುದ್ದೆ ಇಲ್ಲದೆ ಆಗಲ್ಲ. ರಾಗಿ ಹಿಟ್ಟು, ತುಪ್ಪ, ಕೊಬ್ಬರಿ, ಕರಿಬೇವು ಎಲ್ಲ ಒಯ್ಯಬಹುದಾ?

ರಾಗಿ ಹಿಟ್ಟು, ಹುಳಿಪುಡಿ, ಚಟ್ನಿಪುಡಿ, ಅವಲಕ್ಕಿ, ಬೇಳೆ, ಹುಣಸೆಹಣ್ಣಿನ ಪೇಸ್ಟ್ ಒಯ್ದೆವು, ಯಾರೂ ಏನೂ ಕೇಳಲಿಲ್ಲ. ತುಪ್ಪ ಒಯ್ಯುವಂತಿಲ್ಲ. ಹೊರದೇಶದಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರಬಾರದು ಅನ್ನೋದು ಯುರೋಪಿಯನ್ ಒಕ್ಕೂಟದ ಕಾನೂನು, ಒಂದು ಚಿಕ್ಕ ಡಬ್ಬಿಯೂ ಆಗಲ್ಲ. ಹಸಿ ಕರಿಬೇವಿಗೆ ರೋಗವಿಲ್ಲ ಅನ್ನೋ ಸರ್ಟಿಫಿಕೇಟ್ ಬೇಕು. ಅದರ ಬದಲು ಚಟ್ನಿಪುಡಿಗೆ ಒಂದು ಹಿಡಿ ಜಾಸ್ತಿ ಹುರಿದು ಹಾಕಿಕೊಂಡು ಹೋಗಿ. ಸರ್ಟಿಫಿಕೇಟ್ ಇಲ್ಲದೆ ಒಯ್ಯಬಹುದಾದ್ದು ಐದೇ ಹಣ್ಣು: ಅನಾನಸ್, ಬಾಳೆಹಣ್ಣು, ಖರ್ಜೂರ, ದುರಿಯನ್, ಮತ್ತೆ ನಿಮ್ಮ ತೆಂಗಿನಕಾಯಿ! ಆದರೆ ತಿಪಟೂರಿನವರಿಗೆ ಇದು ಬೇಜಾರಿನ ಸುದ್ದಿ, ಒಣಕೊಬ್ಬರಿಯನ್ನು ವಿಮಾನಕ್ಕೆ ಬಿಡಲ್ಲ. ಅದರ ಎಣ್ಣೆಯಿಂದ ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳುವ ಭಯ ಇದೆ.

ತುಪ್ಪಕ್ಕೆ ನಾನು ಮಾಡಿದ್ದು ಹೀಗೆ. ಅಲ್ಲಿನ ಅಂಗಡಿಯಲ್ಲಿ ಉಪ್ಪು ಹಾಕದ ಬೆಣ್ಣೆ ಕಾಲು ಕೆ.ಜಿ. ಕಟ್ಟಿನಲ್ಲಿ ಸಿಗುತ್ತೆ. ಜೆಕ್ ದೇಶದ ಚೆಸ್ಕಿ ಕ್ರುಮ್ಲೋವ್ ಊರಿನ ಹೊರಗೆ ವಲ್ತಾವಾ ನದಿ ದಡದಲ್ಲಿ ನಿಂತಿದ್ದಾಗ ಸಣ್ಣ ಉರಿಯಲ್ಲಿ ಬೆಣ್ಣೆ ಇಟ್ಟೆ. ಮೊದಲು ಚಟಚಟ ಸದ್ದು, ಬಿಳಿ ನೊರೆ. ಆಮೇಲೆ ಸದ್ದು ನಿಂತು ತಳದಲ್ಲಿ ಕಂದು ಕಾಳು ಕಾಣಿಸಿತು. ಉರಿ ಆರಿಸಿ, ವೀಳ್ಯದೆಲೆ ಇಲ್ಲದ್ದಕ್ಕೆ ಎರಡು ಮೆಂತ್ಯದ ಕಾಳು ಹಾಕಿದೆ. ಬಾಗಿಲು ತೆರೆದೇ ಇತ್ತು. ಪಕ್ಕದ ವ್ಯಾನಿನ ಜರ್ಮನ್ ಅಜ್ಜಿ ಆ ಪರಿಮಳಕ್ಕೆ ಎದ್ದು ಬಂದು ಬಾಣಲೆ ನೋಡಿ "ಬುಟರ್‌ಶ್ಮಾಲ್ಟ್ಸ್" ಅಂದರು. ಅವರಲ್ಲೂ ತುಪ್ಪ ಇದೆ, ಅಂಗಡಿಯಲ್ಲಿ ಅದೇ ಹೆಸರಲ್ಲಿ ಸಿಗುತ್ತೆ ಅಂತ ಆವತ್ತು ಗೊತ್ತಾಯಿತು. ಒಂದು ಬಿಸಿ ಮುದ್ದೆಯನ್ನು ಸಾರಿಗೆ ಅದ್ದಿ ನುಂಗೋದು ಹೇಗೆ ಅಂತ ತೋರಿಸಿಕೊಟ್ಟೆ. ಅವರು ಅಗಿದೇ ತಿಂದರು, ಇನ್ನೊಂದು ತುತ್ತು ಕೇಳಿದರು.

ಎರಡು ಎಚ್ಚರಿಕೆ. ಹೊರಡುವ ಮುಂಚೆ ಕಪಾಟುಗಳ ಚಿಲಕ ಒಂದೊಂದನ್ನೂ ಕೈಯಿಂದ ಮುಟ್ಟಿ ನೋಡಿ. ನಮ್ಮದು ಒಂದು ಸರಿಯಾಗಿ ಕೂತಿರಲಿಲ್ಲ. ಮೊದಲ ತಿರುವಿನಲ್ಲೇ ಹುಳಿಪುಡಿ ಡಬ್ಬಿ ಕೆಳಗೆ ಬಿದ್ದು ಬಾಯಿ ಬಿಚ್ಚಿಕೊಂಡಿತು, ಹಾಸಿಗೆ ತನಕ ಪುಡಿ ಹರಡಿತ್ತು. ಇನ್ನೊಂದು ಮಿಕ್ಸಿ, ಕೆಟಲ್ ವಿಷಯ. ಕರೆಂಟು ನಮ್ಮ ಹಾಗೇ 230 ವೋಲ್ಟ್. ಆದರೆ ಕೆಲವು ಕ್ಯಾಂಪಿಂಗ್ ಜಾಗಗಳಲ್ಲಿ 6 ಆಂಪಿಯರ್ ಮಾತ್ರ ಕೊಡುತ್ತಾರೆ, ಅಂದರೆ 1,380 ವಾಟ್. ಮಿಕ್ಸಿ ತಿರುಗುತ್ತೆ, 2,000 ವಾಟಿನ ಕೆಟಲ್ ಹಾಕಿದರೆ ಫ್ಯೂಸ್ ಹೋಗುತ್ತೆ. ನೀರು ಗ್ಯಾಸಿನಲ್ಲೇ ಕಾಯಿಸಿಕೊಳ್ಳಿ. ಭಾನುವಾರ ಜರ್ಮನಿ, ಆಸ್ಟ್ರಿಯಾದಲ್ಲಿ ಅಂಗಡಿಗಳು ಬಂದ್. ಹಾಲು ಮೊಸರು ಶನಿವಾರವೇ ತಂದಿಡಿ.

ಮುಳಬಾಗಿಲಿನಿಂದ: ರಾತ್ರಿ ಎಲ್ಲಿ ಬೇಕಾದರೂ ನಿಲ್ಲಿಸಿ ಮಲಗಬಹುದಾ?

ಇಲ್ಲ. ಫೋಟೋಗಳಲ್ಲಿ ಕೆರೆ ದಡದಲ್ಲಿ ಒಂಟಿ ವ್ಯಾನ್ ನೋಡಿ ಮೋಸ ಹೋಗಬೇಡಿ. ಸ್ಲೊವೇನಿಯಾದಲ್ಲಿ ಕ್ಯಾಂಪಿಂಗ್ ಜಾಗದ ಹೊರಗೆ ಹಾಗೆ ಉಳಿದರೆ ದಂಡ. ಆಸ್ಟ್ರಿಯಾದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ, ಟಿರೋಲ್ ತುಂಬಾ ಬಿಗಿ. ಜರ್ಮನಿಯಲ್ಲಿ ಡ್ರೈವರ್ ದಣಿದಿದ್ದರೆ ಪಾರ್ಕಿಂಗ್ ಜಾಗದಲ್ಲಿ ಒಂದು ರಾತ್ರಿ ಮಲಗಿ ಎದ್ದು ಹೋಗಬಹುದು. ಆದರೆ ಕುರ್ಚಿ ಹೊರಗೆ ಹಾಕಿದಿರೋ, ಅದು ಕ್ಯಾಂಪಿಂಗ್ ಲೆಕ್ಕಕ್ಕೆ ಹೋಯಿತು. ಅಲ್ಲಿ ಶ್ಟೆಲ್‌ಪ್ಲಾಟ್ಸ್ ಅಂತ ವ್ಯಾನುಗಳಿಗೇ ಮಾಡಿಟ್ಟ ನಿಲ್ದಾಣಗಳು ಊರೂರಿಗೂ ಇವೆ, ಕ್ಯಾಂಪಿಂಗ್ ಜಾಗಕ್ಕಿಂತ ಅಗ್ಗ. ಯಾವ ಪಾರ್ಕಿಂಗಿಗೆ ಹೋದರೂ ಮೇಲಿನ ಕಂಬಿ ನೋಡಿ. ನಮ್ಮ ವ್ಯಾನಿನ ಎತ್ತರ 2.7 ಮೀಟರ್ ಅಂತ ಒಂದು ಚೀಟಿ ಬರೆದು ಸ್ಟೀರಿಂಗ್ ಎದುರಿಗೇ ಅಂಟಿಸಿದ್ದೆ.

ಚಿಕ್ಕಬಳ್ಳಾಪುರದಿಂದ ಒಬ್ಬ ದ್ರಾಕ್ಷಿ ಬೆಳೆಗಾರರು: ಅಲ್ಲಿನ ದ್ರಾಕ್ಷಿ ತೋಟ ನೋಡಿದಿರಾ? ಯಾವ ತಿಂಗಳು ಹೋದರೆ ಚೆನ್ನ?

ನಿಮ್ಮ ಪತ್ರ ನೋಡಿ ಖುಷಿಯಾಯಿತು. ನೀವು ಹೋಗಬೇಕಾದ ಜಾಗ ಆಸ್ಟ್ರಿಯಾದ ವಾಖೌ ಕಣಿವೆ. ಮೆಲ್ಕ್ ಊರಿನಿಂದ ಕ್ರೆಮ್ಸ್ ತನಕ ಡ್ಯಾನ್ಯೂಬ್ ದಡದಲ್ಲಿ 40 ಕಿ.ಮೀ. ಒಳಗೇ ಮುಗಿಯುತ್ತೆ. 2000ದಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ. ನಾವು ಅಷ್ಟು ದೂರಕ್ಕೆ ಆರು ದಿನ ತೆಗೆದುಕೊಂಡೆವು.

ನಿಮ್ಮ ಕಡೆ ಚಪ್ಪರದ ಕೆಳಗೆ ನಿಂತು ಗೊಂಚಲು ಕೊಯ್ಯುತ್ತೀರಲ್ಲ, ಅಲ್ಲಿ ಚಪ್ಪರ ಇಲ್ಲ. ಕಡಿದಾದ ಗುಡ್ಡಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಕಲ್ಲಿನ ಗೋಡೆ. ಗಾರೆ ಇಲ್ಲ, ಸಿಮೆಂಟ್ ಇಲ್ಲ, ಕಲ್ಲಿನ ಮೇಲೆ ಕಲ್ಲು ಜೋಡಿಸಿದ್ದು ಅಷ್ಟೇ. ಒಂದೊಂದು ಮೆಟ್ಟಿಲಿನಲ್ಲಿ ಎರಡು ಮೂರು ಸಾಲು ಬಳ್ಳಿ, ತಂತಿಗೆ ಕಟ್ಟಿದ್ದು, ನನ್ನ ಎದೆಮಟ್ಟ. ಹಗಲು ಬಿಸಿಲಿಗೆ ಕಾದ ಕಲ್ಲು ಸಂಜೆಯಲ್ಲೂ ಬಿಸಿ ಇರುತ್ತೆ, ನಾನು ಕೈಯಿಟ್ಟು ನೋಡಿದೆ. ರಾತ್ರಿ ಕಾಡಿನ ಕಡೆಯಿಂದ ತಣ್ಣಗಿನ ಗಾಳಿ ಇಳಿಯುತ್ತೆ. ಈ ಬಿಸಿ ತಂಪಿನ ಆಟದಿಂದಲೇ ಹಣ್ಣಿಗೆ ಆ ರುಚಿ ಅಂತಾರೆ. ಟ್ರ್ಯಾಕ್ಟರ್ ಹತ್ತಲ್ಲ, ಕೊಯ್ಲೆಲ್ಲ ಕೈಯಲ್ಲೇ. ನಾವು ಹೋದಾಗ ಕೊಯ್ಲು ಶುರುವಾಗಿತ್ತು. ಬಾಗಿಲ ಮೇಲೆ ಒಂದು ಹಸಿರು ಕೊಂಬೆ ಕಟ್ಟಿದ್ದರೆ ಆ ಬೆಳೆಗಾರರ ಮನೆಯಲ್ಲಿ ಅವತ್ತು ಅವರದೇ ವೈನ್, ಊಟ ಸಿಗುತ್ತೆ ಅಂತ ಅರ್ಥ. ನಾವಿಬ್ಬರೂ ಕುಡಿಯಲ್ಲ. ದ್ರಾಕ್ಷಿ ರಸ ಕೊಟ್ಟರು, ಆಗಷ್ಟೇ ಹಿಂಡಿದ್ದು.

ಬೇಸಿಗೆಯ ಜುಲೈ, ಆಗಸ್ಟ್‌ನಲ್ಲಿ ಬಾಡಿಗೆ ಜಾಸ್ತಿ, ಜನವೂ ಜಾಸ್ತಿ. ಬವೇರಿಯಾದ ಶಾಲಾ ರಜೆ ಸೆಪ್ಟೆಂಬರ್ ಮಧ್ಯಕ್ಕೆ ಮುಗಿಯುತ್ತೆ, ಆಮೇಲೆ ಎಲ್ಲ ಹಗುರ. ಇನ್ನೂ ಒಂದು ಕಾರಣಕ್ಕೆ ನಾನು ಸೆಪ್ಟೆಂಬರ್ ಅನ್ನುತ್ತೇನೆ. ಬೇಸಿಗೆಯಲ್ಲಿ ಎತ್ತರದ ಹುಲ್ಲುಗಾವಲಿಗೆ ಮೇಯಲು ಹೋದ ದನಗಳನ್ನು ಆಗ ಊರಿಗೆ ಇಳಿಸುತ್ತಾರೆ. ಆಸ್ಟ್ರಿಯಾದ ಜೆಲ್ ಆಮ್ ಜೇ ಊರಿನ ಹತ್ತಿರ ನಮ್ಮ ವ್ಯಾನ್ ಅರ್ಧ ಗಂಟೆ ನಿಂತೇ ಹೋಯಿತು. ಹಸುಗಳ ತಲೆಗೆ ಹೂವಿನ ಕಿರೀಟ, ಕೊರಳಿಗೆ ಬಿಂದಿಗೆಯಷ್ಟು ದೊಡ್ಡ ಗಂಟೆ. ಸಂಕ್ರಾಂತಿಗೆ ಕೊಂಬಿಗೆ ಬಣ್ಣ ಬಳಿದು, ಟೇಪು ಕಟ್ಟಿ, ಕಿಚ್ಚು ಹಾಯಿಸಲು ಹೊಡೆದುಕೊಂಡು ಹೋಗುವ ನಮ್ಮೂರ ಸಂಜೆ ಇದ್ದ ಹಾಗೇ ಇತ್ತು. ಆ ಬೇಸಿಗೆಯಲ್ಲಿ ಬೆಟ್ಟದ ಮೇಲೆ ಯಾವುದಾದರೂ ದನ ಸತ್ತಿದ್ದರೆ ಆ ಮಂದೆಗೆ ಅಲಂಕಾರ ಮಾಡಲ್ವಂತೆ, ಸುಮ್ಮನೆ ಇಳಿಸುತ್ತಾರಂತೆ. ಅದನ್ನು ಕೇಳಿ ಹೂವಿರುವ ಒಂದೊಂದು ಹಸುವನ್ನೂ ಮತ್ತೆ ನೋಡಿದೆ.

ಚಿಂತಾಮಣಿಯಿಂದ: ವೀಸಾ ಹೇಗೆ? ಖರ್ಚು ಎಷ್ಟು? ದಯವಿಟ್ಟು ನಿಜವಾದ ಲೆಕ್ಕ ಹೇಳಿ.

ಷೆಂಗೆನ್ ವೀಸಾ ಒಂದೇ ಸಾಕು, ನಾಲ್ಕೂ ದೇಶಕ್ಕೆ. ಯಾವುದೇ 180 ದಿನದಲ್ಲಿ 90 ದಿನ ಇರಬಹುದು. ಶುಲ್ಕ ತಲೆಗೆ 90 ಯೂರೋ, ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಜಾಸ್ತಿ ರಾತ್ರಿ ಯಾವ ದೇಶದಲ್ಲೋ ಆ ದೇಶಕ್ಕೆ ಅರ್ಜಿ. ನಾವು ಇಳಿದದ್ದು ಮ್ಯೂನಿಕ್‌ನಲ್ಲಾದರೂ ಜಾಸ್ತಿ ಇದ್ದದ್ದು ಆಸ್ಟ್ರಿಯಾದಲ್ಲಿ, ಹಾಗಾಗಿ ಅಲ್ಲಿಗೇ ಹಾಕಿದೆವು. ಹೋಟೆಲ್ ಬುಕಿಂಗ್ ಬದಲು ವ್ಯಾನಿನ ಬಾಡಿಗೆ ಪತ್ರ, ಕ್ಯಾಂಪಿಂಗ್ ಜಾಗಗಳ ಬುಕಿಂಗ್ ಲಗತ್ತಿಸಿದ್ದೆವು. ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಕೊನೆ ಗಳಿಗೆ ತನಕ ಕಾಯಬೇಡಿ.

ನಮ್ಮ ಖರ್ಚು: ವ್ಯಾನ್ ದಿನಕ್ಕೆ 95 ಯೂರೋ, ಕ್ಯಾಂಪಿಂಗ್ ಜಾಗ ಸರಾಸರಿ 32, ಊಟ ತಿಂಡಿ 20. ಡೀಸೆಲ್ ಇಡೀ ಪ್ರವಾಸಕ್ಕೆ 300 ಯೂರೋ ಚಿಲ್ಲರೆ, ನಿಧಾನಕ್ಕೆ ಹೋದದ್ದರ ಲಾಭ ಅದು. ಟೋಲ್ ಎಲ್ಲ ಸೇರಿ 6,000 ಯೂರೋ ಆಯಿತು, ಅಂದರೆ ಆರು ಲಕ್ಷದ ಮೇಲೆ. ವಿಮಾನ, ವೀಸಾ ಬೇರೆ. ಕಡಿಮೆ ದುಡ್ಡಲ್ಲ, ನನಗೆ ಗೊತ್ತು. ನಾವು ಏಳು ವರ್ಷ ಆರ್‌ಡಿ ಕಟ್ಟಿದ್ದೆವು.

ಮಧುಗಿರಿಯಿಂದ ಒಬ್ಬ ಓದುಗಿ: ಅಷ್ಟು ಚಿಕ್ಕ ಜಾಗದಲ್ಲಿ ಗಂಡ ಹೆಂಡತಿ 38 ದಿನ! ಜಗಳ ಆಗಲಿಲ್ವಾ?

ಆಯಿತು. ಮೊದಲ ವಾರ ದಿನಾ ಆಯಿತು. ಅವರು ದಾರಿ ತಪ್ಪಿದರೆ ನಾನು ಮ್ಯಾಪ್ ಸರಿಯಾಗಿ ಹೇಳಲಿಲ್ಲ ಅನ್ನೋರು. ಒಬ್ಬರು ಎದ್ದು ನಿಂತರೆ ಇನ್ನೊಬ್ಬರು ಕೂರಬೇಕು, ಅಷ್ಟೇ ಜಾಗ. ಎಂಟನೇ ದಿನ ಕೂತು ಮಾತಾಡಿಕೊಂಡೆವು. ಬೆಳಗ್ಗೆ ಒಂದು ಗಂಟೆ ಅವರು ಒಂದು ಕಡೆ, ನಾನು ಒಂದು ಕಡೆ ನಡೆದು ಬರೋದು. ಓಡಿಸುವಾಗ ದಾರಿಯ ಮಾತು ಬಿಟ್ಟು ಬೇರೆ ಯಾವ ಲೆಕ್ಕಾಚಾರವೂ ಬೇಡ. ಮಧ್ಯಾಹ್ನ ಮೂರಕ್ಕೆ ಎಲ್ಲಿದ್ದೇವೋ ಅಲ್ಲೇ ನಿಲ್ಲೋದು.

ಆಸ್ಟ್ರಿಯಾದ ಗ್ರೋಸ್‌ಗ್ಲಾಕ್ನರ್ ಬೆಟ್ಟದ ರಸ್ತೆ ದಾಟಿದ ದಿನ ಇದರ ಬೆಲೆ ತಿಳಿಯಿತು. 1935ರಲ್ಲಿ ತೆರೆದ ರಸ್ತೆ, 48 ಕಿ.ಮೀ., 36 ತಿರುವು, 2,500 ಮೀಟರ್ ಎತ್ತರಕ್ಕೆ ಹತ್ತುತ್ತೆ. ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬಂದರೆ ಕಾದು ಹೋಗುತ್ತೆ, ಎರಡನೇ ಗೇರಿನಲ್ಲೇ ಇಳಿಸಬೇಕು. ಒಂದೊಂದು ತಿರುವಿಗೂ ನಾನು ಎದುರಿನ ಗಾಡಿ ನೋಡಿ "ಬಸ್ಸು", "ಖಾಲಿ" ಅಂತ ಹೇಳುತ್ತಾ ಹೋದೆ, ಅವರು ತಿರುಗಿಸುತ್ತಾ ಹೋದರು. ಮೂವತ್ತಾರು ತಿರುವಿಗೂ ಇಬ್ಬರೂ ದನಿ ಎತ್ತಲಿಲ್ಲ.

ಆಮೇಲೆ ಸ್ಲೊವೇನಿಯಾದ ಬೋಹಿನ್ ಸರೋವರದ ದಡದಲ್ಲಿ ಎರಡು ದಿನ ಬಿಡದೆ ಮಳೆ. ಹೊರಗೆ ಹೋಗುವಂತಿಲ್ಲ. ವ್ಯಾನಿನ ತಗಡಿನ ಮೇಲೆ ಮಳೆ ಬೀಳೋದು ಕೇಳಿಸಿಕೊಂಡು, ಅವಲಕ್ಕಿ ಒಗ್ಗರಣೆ ತಿಂದು, ಮದುವೆಯಾದ ಹೊಸತರಲ್ಲಿ ಬಾಡಿಗೆಗಿದ್ದ ಒಂದೇ ರೂಮಿನ ಮನೆಯ ಮಾತು ಆಡಿದೆವು. ಆ ಮನೆಯಲ್ಲೂ ಮಳೆ ಸದ್ದು ಹಾಗೇ ಕೇಳುತ್ತಿತ್ತು. ಅದನ್ನು ಅವರು ನೆನಪಿಟ್ಟುಕೊಂಡಿದ್ದಾರೆ ಅಂತ ನನಗೆ ಗೊತ್ತಿರಲಿಲ್ಲ.

ಶಿರಾದಿಂದ: ಮತ್ತೆ ಹೋಗ್ತೀರಾ?

ಹೊಸ ಆರ್‌ಡಿ ಶುರು ಮಾಡಿದ್ದೇವೆ. ಈ ಸಲ ಹಂಗೇರಿಯ ಬಾಲಟನ್ ಕೆರೆ ಒಂದೇ. 77 ಕಿ.ಮೀ. ಉದ್ದ ಇದೆ, ಸುತ್ತ ದಡದಲ್ಲೇ ರಸ್ತೆ. ಅದಕ್ಕೆ ಮೂರು ವಾರ ಇಟ್ಟಿದ್ದೇವೆ.